ಹತ್ತನೆಯ ಕಾರ್ಡಿನ ತಪ್ಪು

ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೆಲ್ಲ ಹೊಳೆಪ್ಪನಿಗೆ ತನ್ನ ಕಾಲಿನ ಕಪ್ಪು ಉಗುರು ಕಣ್ಣಿಗೆ ಬಿದ್ದು ನಾಚಿಕೆಯಾಗುತ್ತಿತ್ತು. ಹನ್ನೊಂದು ವರ್ಷ ಸೈಕಲ್ ತುಳಿದು, ಮಳೆಗಾಲದಲ್ಲಿ ಕೆಸರಿಗೆ ಕಚ್ಚಿಕೊಂಡ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು, ಊರೂರು ತಿರುಗಿ ಕೂಸುಗಳಿಗೆ ಲಸಿಕೆ ಹಾಕಿಸಿದ ಕಾಲು ಅದು. ಈ ತಣ್ಣನೆಯ ಫರಶಿಯ ಮೇಲೆ ಎಲ್ಲಿ ನಿಲ್ಲಬೇಕೆಂದೇ ಅದಕ್ಕೆ ತಿಳಿಯುತ್ತಿರಲಿಲ್ಲ. ಕಲಘಟಗಿಯಲ್ಲಿ ಲಸಿಕೆ ಕೆಲಸದ ಸಂಸ್ಥೆಯವರು ಬಾಡಿಗೆಗೆ ಹಿಡಿದ ಈ ಮನೆಯಲ್ಲಿ ಮೊದಲು ಇದು ಕಾಳಿನ ಕೋಣೆಯಾಗಿತ್ತಂತೆ. ಸುಣ್ಣ ಬಳಿದು, ಕಿಟಕಿಗೆ ನೀಲಿ ಪರದೆ ಬಿಟ್ಟು, ಯಂತ್ರ ತಂದು ಇಟ್ಟದ್ದೇ ತಡ, ದೇವರ ಕೋಣೆಗಿಲ್ಲದ ಮಡಿ ಇದಕ್ಕೆ ಬಂದುಬಿಟ್ಟಿತು. ಧೂಳು ತರಬಾರದು, ಚಹಾ ತರಬಾರದು, ಸೀನು ಬಂದರೆ ಹೊರಗೆ ಓಡಬೇಕು. ಹೋದ ಮಹಾನವಮಿಗೆ ಅವನೇ ಹಚ್ಚಿದ ಕುಂಕುಮದ ಕಲೆ ಯಂತ್ರದ ಗಾಜಿನ ಮೇಲ್ಮೂಲೆಯಲ್ಲಿ ಇನ್ನೂ ಉಳಿದಿತ್ತು. ಒರೆಸುವ ಧೈರ್ಯ ಯಾರಿಗೂ ಇರಲಿಲ್ಲ. ಮಗಳು ಸತ್ತ ಮೇಲೆ ಹೊಳೆಪ್ಪ ಹಳ್ಳಿಗೆ ಹೋದರೆ ಕೂಸುಗಳ ಮುಂದೆ ಸುಮ್ಮನೆ ನಿಂತುಬಿಡುತ್ತಾನೆ, ಅಕ್ಷರ ಮಾತ್ರ ಚೆನ್ನಾಗಿದೆ, ಒಳಗೆ ಕೂತು ಕಾರ್ಡು ಯಂತ್ರಕ್ಕೆ ಏರಿಸಲಿ ಎಂದು ಮೇಲಿನವರು ಕರುಣೆ ತೋರಿ ಇಲ್ಲಿ ಕೂರಿಸಿದ್ದರು. ಆ ಕರುಣೆಯನ್ನು ಅವನು ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಒಳಗೆ ಬರಲು ನೋಡುತ್ತಿದ್ದ. ಆಗುತ್ತಿರಲಿಲ್ಲ.

ಇವತ್ತಂತೂ ಮಿಶ್ರಿಕೋಟಿಯಿಂದ ಬಸ್ಸು ಹತ್ತಿದಾಗಿನಿಂದ ಗೌರಕ್ಕನ ಮಾತು ಕಿವಿಯಲ್ಲಿ ಕೂತಿತ್ತು. ಗೌರಕ್ಕ ತಮ್ಮನ ಹೆಂಡತಿ, ಬಾಜೂ ಮನೆಯವಳು. ಬೆಳಿಗ್ಗೆ ಅವನು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ ಹತ್ತು ತಿಂಗಳ ಈರಣ್ಣನನ್ನು ಸೊಂಟಕ್ಕೆ ಏರಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. "ಅಕ್ಕಾ, ನಾಳೆ ನರ್ಸಬಾಯಿ ಬರ್ತಾಳಂತ. ದಡಾರದ ಸೂಜಿ ಮಾಡಸ್ಲೇನ ಇವಗ? ಮ್ಯಾಗಿನ ಓಣ್ಯಾಗ ಎರಡು ಕೂಸಿಗೆ ಎದ್ದಾವಂತ, ನಂಗ ಅಂಜಿಕಿ ಬಂದೈತಿ." ಅವನ ಹೆಂಡತಿ ರೇವವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಮ್ಮ ನೀಲವ್ವಗ ಮಾಡ್ಸಿದ್ವೆಲ್ಲ. ಏನಾತು? ಮಾಡ್ಸಿದ ಮ್ಯಾಲೂ ದಡಾರ ಎದ್ದು ಎಂಟು ದಿನದಾಗ ಹೋತು ನನ್ನ ಕೂಸು. ಆ ಔಷಧದಾಗ ಏನೂ ಇಲ್ಲವ್ವಾ, ನೀರು. ಸುಮ್ನ ಎಳೀ ಕೂಸಿಗೆ ಯಾಕ ಚುಚ್ಚಸ್ತಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಂಡದ್ದನ್ನು ಹೇಳುವವರ ದನಿ ಅದು. ಗೌರಕ್ಕ ಹಿತ್ತಲ ಕಡೆ ಇಣುಕಿ, "ಭಾವಾರ, ನೀವ ಹೇಳ್ರಿ. ನೀವು ತಿಳದಾವ್ರು, ಅದ ಕೆಲಸದಾಗ ಇದ್ದಾವ್ರು" ಎಂದಳು. ಮುಖದಿಂದ ನೀರು ತೊಟ್ಟಿಕ್ಕುತ್ತಿದ್ದ ಹೊಳೆಪ್ಪ, "ಬಸ್ಸಿಗೆ ಹೊತ್ತಾತು" ಎಂದ. ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿತ್ತು. ಅದು ಮೂವರಿಗೂ ಗೊತ್ತಿತ್ತು. ರೇವವ್ವನ ಮಾತು ಗೌರಕ್ಕನೊಬ್ಬಳಿಗೇ ನಿಂತಿರಲಿಲ್ಲ. ಎರಡು ವರ್ಷದಿಂದ ಓಣಿಯಲ್ಲಿ ಹಡೆದವರೆಲ್ಲ ಅವಳನ್ನು ಒಂದು ಮಾತು ಕೇಳುತ್ತಿದ್ದರು, ಕೇಳಿ ಸುಮ್ಮನಾಗುತ್ತಿದ್ದರು. ಲಸಿಕೆಯವನ ಹೆಂಡತಿಯೇ ಹಾಗೆ ಹೇಳಿದರೆ ಯಾರು ನಂಬುವುದಿಲ್ಲ?

"ಕಾಕಾ, ಎಲ್ಲೋ ಹೋಗೀರಲ್ಲ, ಬರ್ರಿ ಈ ಕಡೆ" ಎಂದು ನಕ್ಕಳು ಮಲಿಕಾಬಿ. ಕಲಘಟಗಿಯದೇ ಹುಡುಗಿ, ಟೈಪಿಂಗ್ ಪರೀಕ್ಷೆ ಪಾಸಾಗಿ ಈ ಕೆಲಸಕ್ಕೆ ಬಂದವಳು. ಅವಳ ಬೆರಳು ಓಡುವ ವೇಗಕ್ಕೆ ಹೊಳೆಪ್ಪನ ಎರಡು ಬೆರಳು ಎಲ್ಲಿ ಸಾಟಿ. ಇವತ್ತು ಬುಧವಾರ, ಧಾರವಾಡದಿಂದ ಕುಬೇರಪ್ಪ ಸಾಹೇಬರು ಪ್ರೋಗ್ರಾಮು ತಿದ್ದಿಕೊಂಡು ಬರುವ ದಿನ. ತಾಲೂಕಿನ ಅಷ್ಟೂ ಕೂಸುಗಳ ಲಸಿಕೆಯ ಕಾರ್ಡು ಈ ಪೆಟ್ಟಿಗೆಯೊಳಗೆ ಹೋಗಬೇಕು, ಯಾವ ಕೂಸಿಗೆ ಯಾವುದು ಬಾಕಿ ಎಂದು ಅದೇ ಹೇಳಬೇಕು. ಅದು ಹೇಳಿದ್ದನ್ನು ನಂಬಬಹುದೇ ಎಂದು ನೋಡುವುದಕ್ಕೆ ಸಾಹೇಬರು ಒಂದು ಪದ್ಧತಿ ಇಟ್ಟಿದ್ದರು. ಇಬ್ಬರೂ ತಲಾ ಹತ್ತು ಸುಳ್ಳು ಕಾರ್ಡು ಬರೆಯಬೇಕು. ಒಂದೊಂದರಲ್ಲೂ ಬೇಕಂತಲೇ ಒಂದು ತಪ್ಪು ಇಡಬೇಕು. ಇಟ್ಟ ತಪ್ಪು ಯಾವುದೆಂದು ಬೇರೊಂದು ಹಾಳೆಯಲ್ಲಿ, ಕಾರ್ಡಿನ ನಂಬರಿನ ಎದುರು, 'ಇರಬೇಕಾದ ತಪ್ಪು' ಎಂಬ ಸಾಲಿನಲ್ಲಿ ಮೊದಲೇ ಬರೆದಿಡಬೇಕು. ಆಮೇಲೆ ಎಲ್ಲ ಕಾರ್ಡನ್ನೂ ಇಬ್ಬರೂ ಬೇರೆ ಬೇರೆ ಏರಿಸಬೇಕು, ಎರಡೂ ಹೊಂದದಿದ್ದಲ್ಲಿ ಬೆರಳಿನ ತಪ್ಪು ಸಿಗುತ್ತದೆ. ಕೊನೆಗೆ ಯಂತ್ರ ಹಿಡಿದು ಕೊಟ್ಟ ತಪ್ಪಿನ ಪಟ್ಟಿಯನ್ನು ಹಾಳೆಯ ಜೊತೆ ತಾಳೆ ನೋಡಬೇಕು. ಹೋದ ವಾರ ಹಿಡಿದದ್ದೇ ಇರಲಿ, ಮತ್ತೆ ಅವೇ ಕಾರ್ಡು ಹಾಕಬೇಕು. "ಒಂದ ಕಡೆ ರಿಪೇರಿ ಮಾಡಿದ್ರ ಇನ್ನೊಂದ ಕಡೆ ಸೋರ್ತೈತ್ರಿ ಇದು" ಎನ್ನುತ್ತಿದ್ದರು ಸಾಹೇಬರು. "ಸುಳ್ಳು ಹಿಡೀಲಾರದ ಯಂತ್ರದ ಖರೇ ಮಾತನ್ನ ಯಾರ್ ನಂಬ್ತಾರ?"

ಮಲಿಕಾಬಿಗೆ ಈ ಕೆಲಸವೆಂದರೆ ಹಬ್ಬ. ಹುಟ್ಟುವ ಮೊದಲೇ ಪೋಲಿಯೋ ಹನಿ ಕುಡಿದ ಕೂಸು, ಫೆಬ್ರುವರಿ ಮೂವತ್ತೊಂದಕ್ಕೆ ಹುಟ್ಟಿದ ಕೂಸು, ನೂರಾ ನಲವತ್ತು ವರ್ಷದ ಕೂಸು, ಸತ್ತ ಮಾರನೆಯ ದಿನ ಸೂಜಿ ಮಾಡಿಸಿಕೊಳ್ಳಲು ಬಂದ ಕೂಸು. ಒಂದೊಂದಕ್ಕೂ ತನ್ನ ಬಳಗದವರ ಹೆಸರಿಟ್ಟು ಒಬ್ಬಳೇ ನಗುತ್ತಿದ್ದಳು. ಕೊನೆಯದನ್ನು ಬರೆದ ದಿನ ಮಾತ್ರ ಹೊಳೆಪ್ಪನ ಮುಖ ನೋಡಿ, ನಾಲಿಗೆ ಕಚ್ಚಿಕೊಂಡು, ಆ ಕಾರ್ಡು ಹರಿದಳು. ಅವನೇ ಇನ್ನೊಂದು ಬರೆದುಕೊಟ್ಟ, ಅಂಥದೂ ಒಂದು ಬೇಕಾಗುತ್ತದೆ ಎಂದು. ಹೊಳೆಪ್ಪನ ಸುಳ್ಳುಗಳು ಸಪ್ಪೆ. ತಿಂಗಳಿನ ಅಂಕಿ ಹದಿಮೂರು, ಊರಿನ ನಂಬರು ಖಾಲಿ, ಗಂಡು ಹೆಣ್ಣು ಎರಡೂ ಅಲ್ಲದ ಅಕ್ಷರ. ಒಂಬತ್ತು ಕಾರ್ಡು ಹೀಗೆ. ಹತ್ತನೆಯ ಕಾರ್ಡನ್ನು ಅವನು ಯೋಚಿಸುವ ಅಗತ್ಯವೇ ಇರಲಿಲ್ಲ, ಕೈ ತಾನೇ ಬರೆಯುತ್ತಿತ್ತು. ನೀಲವ್ವ, ತಂದೆ ಹೊಳೆಪ್ಪ, ಊರು ಮಿಶ್ರಿಕೋಟಿ, ಹೆಣ್ಣು. ಹುಟ್ಟಿದ್ದು ಹನ್ನೆರಡು ಆರು ಎಂಬತ್ತಾರು. ದಡಾರದ ಲಸಿಕೆ, ಹಾಕಿದೆ. ತಾರೀಖು ಇಪ್ಪತ್ತೆಂಟು ಮೂರು ಎಂಬತ್ತೇಳು. ಕಾಯಿಲೆ, ದಡಾರ. ತೀರಿದ್ದು ಹತ್ತೊಂಬತ್ತು ಹನ್ನೊಂದು ಎಂಬತ್ತೇಳು. ತಾಳೆ ನೋಡುವ ಹಾಳೆಯಲ್ಲಿ ಹತ್ತನೆಯ ಸಾಲಿನ ಎದುರು ಮಾತ್ರ ಅವನು ಏನೂ ಬರೆಯುತ್ತಿರಲಿಲ್ಲ.

ಪ್ರತಿ ಬುಧವಾರ ಆ ಕಾರ್ಡು ಒಳಗೆ ಹೋಗುವಾಗ, ಈ ಸಲ ಹಿಡಿಯುತ್ತದೆ ಎಂದು ಕಾಯುತ್ತಿದ್ದ. ಯಂತ್ರವನ್ನು ಮಾಡಿದವರು ಎಷ್ಟು ತಿಳಿದವರೋ, ಎಲ್ಲಿಯವರೋ, ಒಂದಲ್ಲ ಒಂದು ದಾರಿಯಲ್ಲಿ ಅದಕ್ಕೆ ಗೊತ್ತಾಗಿಯೇ ಆಗುತ್ತದೆ, ಪ್ರಿಂಟರು ಕರಕರ ಎಂದು ಕಾಗದ ಕಚ್ಚಿಕೊಂಡು ಆ ಹೆಸರಿನ ಎದುರು 'ತಪ್ಪು' ಎಂದು ಹೊಡೆಯುತ್ತದೆ, ಆಗ ಎಲ್ಲ ಮುಗಿದುಹೋಗುತ್ತದೆ ಎಂದು ಅಂಜುತ್ತಿದ್ದ, ಹಾಗೆ ಆಗಲಿ ಎಂದೂ ಬಯಸುತ್ತಿದ್ದ. ಯಂತ್ರ ಪ್ರತಿ ವಾರ ಒಂಬತ್ತು ಹಿಡಿದು ಹತ್ತನೆಯದನ್ನು ಒಪ್ಪಿಕೊಂಡುಬಿಡುತ್ತಿತ್ತು. ತಾರೀಖು ಸರಿ, ಹುಟ್ಟಿ ಒಂಬತ್ತು ತಿಂಗಳು ತುಂಬಿದೆ, ಸಾಯುವ ಮೊದಲೇ ಲಸಿಕೆ ಬಿದ್ದಿದೆ, ಕಾರ್ಡಿನ ಯಾವ ಅಂಕಣವೂ ಖಾಲಿ ಇಲ್ಲ. ಇದರಲ್ಲಿ ಅದಕ್ಕೆ ತಪ್ಪು ಸಿಗುವುದಾದರೂ ಎಲ್ಲಿ? ಸಂಜೆ ಸುಳ್ಳು ಕಾರ್ಡುಗಳನ್ನು ಅಳಿಸಬೇಕು. ಅಳಿಸಿದರೂ ಅವು ತಟ್ಟನೆ ಹೋಗುವುದಿಲ್ಲ, ಹೆಸರಿನ ಹಿಂದೆ ಒಂದು ನಕ್ಷತ್ರದ ಗುರುತು ಬಿದ್ದು ಅಲ್ಲೇ ಇರುತ್ತವೆ, ಬೇಕೆಂದರೆ ಹಿಂದಕ್ಕೆ ಕರೆಯಬಹುದು. ಪೂರಾ ತೆಗೆಯಲು ಬೇರೆ ಆಜ್ಞೆ ಕೊಡಬೇಕು. ಆ ಆಜ್ಞೆಯನ್ನು ಹೊಳೆಪ್ಪ ಯಾವಾಗಲೂ ಮಲಿಕಾಬಿಗೆ ಬಿಡುತ್ತಿದ್ದ, ಬಿಟ್ಟು ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದ.

ಕಾರ್ಡಿನಲ್ಲಿದ್ದ ಆ ಇಪ್ಪತ್ತೆಂಟನೆಯ ತಾರೀಖು ಶನಿವಾರ. ತಿಂಗಳ ಕೊನೆಯ ಲಸಿಕೆ ಶಿಬಿರ ಇಲ್ಲೇ ಕಲಘಟಗಿಯಲ್ಲಿತ್ತು. "ಇವತ್ತ ಕರ್ಕೊಂಡು ಹೋಗಿ ಮಾಡಿಸ್ಕೊಂಡ ಬರ್ರಿ, ನಿಮ್ಮ ಕೈಯಾಗ ಆದ್ರ ನಂಗ ನಂಬಿಗಿ" ಎಂದು ರೇವವ್ವ ಕೂಸಿಗೆ ಹೊಸ ಕುಲಾವಿ ಕಟ್ಟಿ, ಕಣ್ಣಿಗೆ ಕಾಡಿಗೆ ಇಟ್ಟು, ಅವನ ಕೈಗೆ ಕೊಟ್ಟಿದ್ದಳು. ಬಸ್ಸಿನಲ್ಲಿ ನೀಲವ್ವ ಅವನ ಜೇಬಿನ ಪೆನ್ನನ್ನೇ ಹಿಡಿದುಕೊಂಡು ಕೂತಿದ್ದಳು, ಬಿಡಿಸಿದರೆ ಅಳುತ್ತಿದ್ದಳು. ಶಿಬಿರದಲ್ಲಿ ಬೆಳಗಿನಿಂದ ಮಂದಿ. ದಡಾರದ ಬಾಟ್ಲಿ ಒಂದಕ್ಕೆ ಹತ್ತು ಕೂಸು. ಒಮ್ಮೆ ಒಡೆದರೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಹಾಗಾಗಿ ಒಬ್ಬರಿಗೋ ಇಬ್ಬರಿಗೋ ಬಾಟ್ಲಿ ಒಡೆಯಬಾರದು ಎಂಬುದು ಆ ಕೆಲಸದವರೆಲ್ಲರ ಮೈಗೆ ಹತ್ತಿದ ಮಾತು. ತನ್ನ ಮಗಳನ್ನು ಮೊದಲು ಹಿಡಿದರೆ ಜನ ಏನಂದಾರು ಎಂದು ಹೊಳೆಪ್ಪ ಅವಳನ್ನು ಬೆಂಚಿನ ಮೇಲೆ ಕೂರಿಸಿ ಬೇರೆಯವರ ಕೂಸುಗಳನ್ನೇ ಮುಂದೆ ಕಳಿಸುತ್ತ ಹೋದ. ಅದರಲ್ಲಿ ಅವನಿಗೊಂದು ಹೆಮ್ಮೆಯೂ ಇತ್ತು, ಸುಳ್ಳು ಯಾಕೆ. ನಾಲ್ಕು ಬಾಟ್ಲಿ ಖಾಲಿಯಾಗಿ ನಲವತ್ತು ಕೂಸು ಮುಗಿಯಿತು. ನಲವತ್ತೊಂದನೆಯದು ನೀಲವ್ವ. ಇಷ್ಟು ಕೂಸಿಗೆ ಆಗಲೇಬೇಕೆಂದು ಮೇಲಿನವರು ಹಾಕಿದ್ದ ಆ ತಿಂಗಳ ಗುರಿಗೆ ಬೇಕಾಗಿದ್ದದ್ದೂ ಇನ್ನು ಒಂದೇ. ಮೇಲ್ವಿಚಾರಕರು ಹೊಸ ಬಾಟ್ಲಿ ಕೈಯಲ್ಲಿ ಹಿಡಿದು ಅವನ ಮುಖ ನೋಡಿದರು. ಯಾರೂ ಹೇಳಲಿಲ್ಲ, ಯಾರೂ ಒತ್ತಾಯಿಸಲಿಲ್ಲ. "ಒಂದ ಕೂಸಿಗೆ ಯಾಕ್ರಿ, ನಮ್ಮ ಮನೀ ಕೂಸು, ಬರೂ ವಾರ ಹಾಕಿದ್ರಾತು. ಬರ್ಕೊಂಬಿಡೂಣು" ಎಂದವನು ಹೊಳೆಪ್ಪನೇ. ಬರೆದವನೂ ಅವನೇ, ತನ್ನ ಚೆಂದದ ಅಕ್ಷರದಲ್ಲಿ. ಮೇಲ್ವಿಚಾರಕರು ಅವನ ಬೆನ್ನು ತಟ್ಟಿದರು. ಆ ತಟ್ಟಿದ ಜಾಗ ಈಗಲೂ ಒಮ್ಮೊಮ್ಮೆ ಅವನಿಗೆ ನೋಯುತ್ತದೆ.

ಸಂಜೆ ಮನೆಯ ಹೊಸ್ತಿಲಲ್ಲೇ ರೇವವ್ವ ಕೂಸನ್ನು ಕಿತ್ತುಕೊಂಡು, "ಮಾಡಿಸಿದ್ರೇನ್ರಿ? ಅತ್ತಳೇನು?" ಎಂದಳು. ಆಗ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅವನು, "ಸ್ವಲ್ಪ ಅತ್ತಳು" ಎಂದ. "ಯಾವ ಕೈ?" "ಎಡಗೈ." ಅವಳು ಒಲೆಯ ಮುಂದೆ ಅರಿವೆ ಕಾಸಿ ಕೂಸಿನ ಎಡತೋಳಿಗೆ ಶಾಖ ಕೊಡುತ್ತ ಕೂತಳು, ಏನೂ ಆಗದ ತೋಳಿಗೆ. ನೀಲವ್ವ ಕಚಗುಳಿಯಾಗಿ ನಗುತ್ತಿದ್ದಳು. ಬರುವ ವಾರ ಬಂತು, ಹೋಯಿತು. ಒಂದು ಸಲ ರೇವವ್ವನೇ ಊರಿಗೆ ಬಂದ ನರ್ಸಬಾಯಿಯ ಹತ್ತಿರ ಕೂಸನ್ನು ಒಯ್ದಾಗ, ಆಕೆ ಕಾರ್ಡು ನೋಡಿ, "ಎಲ್ಲಾ ಹಾಕ್ಯಾರಲ್ಲವ್ವಾ, ಇನ್ನೇನ್ ಹಾಕ್ಲಿ" ಎಂದು ವಾಪಸು ಕಳಿಸಿದಳು. ರೇವವ್ವ ಅದನ್ನು ಹೆಮ್ಮೆಯಿಂದ ಬಂದು ಹೇಳಿದಳು. ಬರೆದದ್ದನ್ನು ಹೊಡೆದುಹಾಕಿದರೆ ಲೆಕ್ಕ ಕೆಡುತ್ತದೆ, ತನ್ನ ಹೆಸರು ಕೆಡುತ್ತದೆ, ಬರೆಯದೆ ಹಾಕಿಸೋಣವೆಂದರೆ ಯಾರನ್ನು ಕೇಳುವುದು, ಹೀಗೆ ನಾಳೆ ನಾಡಿದ್ದು ಎಂದು ಎಂಟು ತಿಂಗಳು ಕಳೆದವು. ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ಕೂಸಿನ ಕಿವಿಯ ಹಿಂದೆ ಕೆಂಪು ಗುಳ್ಳೆ ಕಂಡಾಗ ರೇವವ್ವ ಅಂಜಲೇ ಇಲ್ಲ. "ಸೂಜಿ ಆಗೇತೆಲ್ಲ, ಜ್ವರದ ಬೊಕ್ಕಿ ಇರಬೇಕು" ಎಂದು ಅವನಿಗೇ ಧೈರ್ಯ ಹೇಳಿದಳು.

"ಏನ್ರಿ ಹೊಳೆಪ್ಪ, ಇದೇನ್ ತಮಾಷಿ?" ಕುಬೇರಪ್ಪ ಸಾಹೇಬರು ಉದ್ದನೆಯ ಕಾಗದ ಹರವಿಕೊಂಡು ಮುಂದೆ ಕೂತಿದ್ದರು. ಅವರು ಯಾವಾಗ ಬಂದರೋ, ಯಂತ್ರ ಯಾವಾಗ ಓಡಿತೋ, ಹೊಳೆಪ್ಪನ ಲಕ್ಷ್ಯಕ್ಕೇ ಬಂದಿರಲಿಲ್ಲ. ಮಲಿಕಾಬಿ ಅಪರಾಧಿಯ ಹಾಗೆ ನಿಂತಿದ್ದಳು. "ಸರ್, ನಾ ಸುಮ್ನ ಕೇಳಿದ್ನಿರಿ. ಕಾಕಾನ ಹತ್ತನೇ ಕಾರ್ಡು ಯಾವತ್ತೂ ಸಿಕ್ಕಿಲ್ರಿ. ಪ್ರೋಗ್ರಾಮಿಂದು ತಪ್ಪಿರಬೇಕು ಅಂತ ತಿಳಕೊಂಡೆ." ಸಾಹೇಬರು ಹಾಳೆಯ ಖಾಲಿ ಜಾಗಕ್ಕೆ ಪೆನ್ನು ಕುಟ್ಟಿದರು. "ಇಲ್ಲಿ ಏನ್ ತಪ್ಪಿಟ್ಟೀರಿ ಅಂತ ನೀವು ಬರದಿಲ್ಲ. ತಪ್ಪು ಇಡದ ಕಾರ್ಡು ಹಾಕಿದ್ರ ಪರೀಕ್ಷಾ ಹ್ಯಾಂಗಾಗ್ತೈತಿ? ಎರಡು ತಿಂಗಳಾತು, ಎಂಟು ಸಲ. ಅಷ್ಟೂ ತಿಳೀದಿಲ್ಲೇನ್ರಿ ನಿಮಗ?" ಹುಡುಗಿಯ ಮುಂದೆ ಬೈಸಿಕೊಂಡದ್ದಕ್ಕೆ ಅವನ ಕಿವಿ ಬಿಸಿಯಾದವು. ಸಾಹೇಬರು ಇನ್ನೊಂದು ಕಾಗದ ಎಳೆದರು. ಅದು ನಿಜವಾದ ಕಾರ್ಡುಗಳ ಮೊದಲ ಪಟ್ಟಿ. "ಇಲ್ಲೂ ಅದ ಹೆಸರು ಐತಿ. ಇಡೀ ಪಟ್ಟಿಯೊಳಗ ಸೂಜಿ ಆದ ಮ್ಯಾಲೂ ದಡಾರ ಬಂದು ಸತ್ತ ಕೂಸು ಅಂದ್ರ ಇದೊಂದ. ಮ್ಯಾಲಿನವ್ರು ಕೇಳಾಕತ್ಯಾರ, ಔಷಧ ಕೆಟ್ಟಿತ್ತೇನು, ಐಸ್ ಕರಗಿತ್ತೇನು ಅಂತ. ಸುಳ್ಳು ಕಾರ್ಡು ಖರೇದ್ರಾಗ ಬಿದ್ದೈತೇನ್ರಿ? ಟೆಸ್ಟಿಂದೋ, ಖರೇ ಕೂಸೋ?"

ಟೆಸ್ಟಿನದು ಎಂದರೆ ಮುಗಿಯುತ್ತಿತ್ತು. ಮಲಿಕಾಬಿ ಒಂದು ಆಜ್ಞೆ ಕೊಟ್ಟರೆ ನೀಲವ್ವ ಎರಡೂ ಕಡೆಯಿಂದ ಹೋಗುತ್ತಿದ್ದಳು, ಹುಟ್ಟಿಯೇ ಇರಲಿಲ್ಲ ಎಂಬಂತೆ. ಆ ಮಾತು ಅವನ ಗಂಟಲಿನವರೆಗೂ ಬಂತು. ಬಂದಾಗ ಬಸ್ಸಿನಲ್ಲಿ ಪೆನ್ನು ಹಿಡಿದು ಕೂತ ಕೂಸು ನೆನಪಾಗಿ, ಅವಳನ್ನು ಇನ್ನೊಮ್ಮೆ ಸುಳ್ಳು ಮಾಡಲು ಅವನಿಂದ ಆಗಲಿಲ್ಲ. "ಕೂಸು ಖರೇರಿ" ಎಂದ. "ಕಾರ್ಡು ಸುಳ್ಳು." ತಾಳೆ ನೋಡುವ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಹತ್ತನೆಯ ಸಾಲಿನ ಎದುರು, ಅದೇ ಚೆಂದದ ಅಕ್ಷರದಲ್ಲಿ ಬರೆದ. ಲಸಿಕೆ ಹಾಕಿರಲಿಲ್ಲ. ಹಾಕಿದೆ ಎಂದು ಬರೆದವನು ನಾನು, ತಂದೆ.

ಮಲಿಕಾಬಿ ಓದಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಸಾಹೇಬರು ಎರಡು ಸಲ ಓದಿ ಕನ್ನಡಕ ತೆಗೆದು ಒರೆಸಿದರು. ಬಯ್ಯುತ್ತಾರೆ, ಬರೆದು ಮೇಲೆ ಕಳಿಸುತ್ತಾರೆ, ಕೆಲಸ ಹೋಗುತ್ತದೆ ಎಂದು ಹೊಳೆಪ್ಪ ತಲೆ ತಗ್ಗಿಸಿ ನಿಂತಿದ್ದ. ಹೋಗಲಿ ಎಂದೂ ಅನ್ನಿಸಿತ್ತು. ಸಾಹೇಬರು ಸಣ್ಣ ದನಿಯಲ್ಲಿ, "ಇದನ್ನ ಹಿಡಿಯೂ ಪ್ರೋಗ್ರಾಮು ನನ್ನ ಕಡಿಂದ ಬರಿಯಾಕ ಆಗೂದಿಲ್ರಿ" ಎಂದರು. "ಬರದವ್ರ ಹೇಳ್ಬೇಕು. ತಿದ್ದಿಬಿಡ್ರಿ." ತಿದ್ದುವುದೆಂದರೆ ಒಂದು ಅಕ್ಷರ. ಹೌದು ಎಂಬುದರ ಗುರುತು ಇದ್ದಲ್ಲಿ ಇಲ್ಲ ಎಂಬುದರ ಗುರುತು. ಹೊಳೆಪ್ಪ ಬೆರಳು ಒತ್ತಿದ. ಯಂತ್ರ ಹಾಗೇ ಒಪ್ಪಿಕೊಂಡು ಮುಂದಿನ ಕಾರ್ಡು ತೋರಿಸಿತು. ಎರಡು ವರ್ಷ ಎದೆಯ ಮೇಲೆ ಕೂತದ್ದು ಇಷ್ಟು ಸಲೀಸಾಗಿ ಇಳಿಯಬಾರದಿತ್ತು. ಇಳಿದಿಲ್ಲ ಎಂಬುದು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಗೊತ್ತಾಯಿತು. ಯಾರಿಗೆ ಹೇಳಬೇಕಿತ್ತೋ ಅವಳು ಇಲ್ಲಿರಲಿಲ್ಲ.

ನಾಲ್ಕೂವರೆಯ ಬಸ್ಸು. ಕಬ್ಬಿನ ಗಾಡಿಗಳ ಹಿಂದೆ ನಿಂತು ನಿಂತು ಹೊರಟಿತು. ಮುಂದಿನ ಸೀಟಿನಲ್ಲಿ ಯಾರೋ ಬಾಣಂತಿಯನ್ನು ಗಂಡನ ಮನೆಗೆ ಕಳಿಸಲು ಹೊರಟಿದ್ದರು. ಬಣ್ಣದ ತೊಟ್ಟಿಲಿನ ಬಿಡಿ ಪಟ್ಟಿಗಳನ್ನು ಗೋಣಿಯಲ್ಲಿ ಸುತ್ತಿ ಮೇಲೆ ಏರಿಸುವಾಗ ಕಂಡಕ್ಟರ್ ಬೈದ, ಹೆಂಗಸೊಬ್ಬಳು ತಿರುಗಿ ಬೈದಳು, ಉಳಿದವರು ನಕ್ಕರು. ಹೊಳೆಪ್ಪ ಮಾತುಗಳನ್ನು ಜೋಡಿಸುತ್ತಿದ್ದ. ಮೊದಲು ಗೌರಕ್ಕನ ಕೂಸಿನ ಮಾತು ತೆಗೆಯುವುದು. ಊರಲ್ಲಿ ದಡಾರ ಎದ್ದಿದೆ ಎಂಬುದರಿಂದ ಸುರು ಮಾಡುವುದು. ಮೇಲ್ವಿಚಾರಕರು ಹೇಳಿದರು ಅಂದರೆ ಹೇಗೆ? ಗುರಿ, ಬಾಟ್ಲಿ, ನಲವತ್ತೊಂದು, ಅವಳಿಗೆ ಇದೆಲ್ಲ ಏನು ತಿಳಿಯಬೇಕು. ಹೇಳದಿದ್ದರೆ ನಾಳೆ ಈರಣ್ಣನಿಗೆ ಸೂಜಿ ಆಗುವುದಿಲ್ಲ. ಕೂಸಿಗೆ ಹೆಚ್ಚು ಕಡಿಮೆ ಆದರೆ ಎರಡನೆಯದೂ ತನ್ನ ಹೆಸರಿಗೇ ಬರುತ್ತದೆ. ಹೇಳಿದರೆ ರೇವವ್ವ ಉಳಿಯುವುದಿಲ್ಲ. ಸಾಯುವುದಿಲ್ಲ, ಮನೆ ಬಿಟ್ಟೂ ಹೋಗುವುದಿಲ್ಲ, ಆದರೆ ತನಗೆ ಉಳಿಯುವುದಿಲ್ಲ. ಮಿಶ್ರಿಕೋಟಿ ಬಂದರೂ ಅವನು ಇಳಿಯಲಿಲ್ಲ. ಕಂಡಕ್ಟರ್ ಹೆಸರು ಹಿಡಿದು ಕೂಗಿದ ಮೇಲೆ ಇಳಿದ.

ರೇವವ್ವ ಅಂಗಳದಲ್ಲಿ ಮೊರ ಇಟ್ಟುಕೊಂಡು ಅಕ್ಕಿಯ ಹರಳು ಆರಿಸುತ್ತಿದ್ದಳು. ಇನ್ನೂ ಬಿಸಿಲಿತ್ತು. ಅವನು ಎದುರಿಗೆ ನೆಲದ ಮೇಲೆ ಕೂತಾಗ, "ಯಾಕ್ರೀ, ಅರಾಮಿಲ್ಲೇನು?" ಎಂದಳು. ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಬರಲಿಲ್ಲ. "ನೀಲವ್ವಗ ಸೂಜಿ ಮಾಡಿಸಿರಲಿಲ್ಲ" ಎಂದುಬಿಟ್ಟ. ರೇವವ್ವನಿಗೆ ಅರ್ಥವಾಗಲಿಲ್ಲ. "ಯಾವ ಸೂಜಿ?" "ದಡಾರದ್ದು. ಅವತ್ತು ಒಯ್ದಿದ್ನೆಲ್ಲ. ಒಂದ ಕೂಸಿಗೆ ಬಾಟ್ಲಿ ಒಡೀಬಾರ್ದು ಅಂತ... ನಾನ ಬ್ಯಾಡ ಅಂದೆ. ಹಾಕೇತಿ ಅಂತ ನಾನ ಬರದೆ. ಔಷಧ ಸುಳ್ಳಲ್ಲ. ಅದನ್ನ ಹಾಕಿರಲಿಲ್ಲ." ಅವಳ ಕೈ ಮೊರದ ಮೇಲೆ ಹಾಗೇ ನಿಂತಿತ್ತು. ಹೊಡೆಯಲಿ, ಕೂಗಲಿ, ಓಣಿ ಕೂಡಿಸಲಿ ಎಂದು ಅವನು ಕಾದ. ಅವಳು ಅವನನ್ನೇ ನೋಡುತ್ತಿದ್ದಳು, ಯಾರೋ ಹಾದಿ ಕೇಳಲು ಬಂದವರನ್ನು ನೋಡುವ ಹಾಗೆ.

"ಸ್ವಲ್ಪ ಅತ್ತಳು ಅಂದಿದ್ರಿ" ಎಂದಳು.

ಮತ್ತೊಂದು ಹರಳು ಆರಿಸಿ ಪಕ್ಕಕ್ಕಿಟ್ಟಳು.

"ಯಾವ ಕೈ ಅಂತ ಕೇಳಿದ್ದೆ. ಎಡಗೈ ಅಂದಿದ್ರಿ."

ಅಷ್ಟೇ. ಹರಳು ಆರಿಸುವುದನ್ನು ಪೂರ್ತಿ ಮುಗಿಸಿ, ಮೊರ ಎತ್ತಿಕೊಂಡು ಒಳಗೆ ಹೋದಳು. ಅವನಿಗೆ ಬಡಿಸಿದಳು, ತಾನು ಉಣ್ಣಲಿಲ್ಲ. ಅವನೂ ತುತ್ತು ಎತ್ತಲಿಲ್ಲ. ಒಳಕೋಣೆಯಲ್ಲಿ ಟ್ರಂಕಿನ ಮುಚ್ಚಳ ತೆಗೆದ ಸದ್ದು, ಮುಚ್ಚಿದ ಸದ್ದು ಕೇಳಿಸಿತು. ಅದರಲ್ಲಿ ಕುಲಾವಿ ಇದೆಯೆಂದು ಅವನಿಗೆ ಗೊತ್ತಿತ್ತು. ಅಳುವುದು ಮಾತ್ರ ಕೇಳಿಸಲಿಲ್ಲ. ಎರಡು ವರ್ಷ ಅವಳು ಔಷಧದ ಮೇಲೆ, ದೇವರ ಮೇಲೆ, ತನ್ನ ಹಣೆಬರಹದ ಮೇಲೆ ಹಾಕಿ ಅಳುತ್ತಿದ್ದಳು. ಇವನ ಮೇಲೆ ಹಾಕಿ ಅಳುವುದು ಹೇಗೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಬೆಳಿಗ್ಗೆ ಅವನು ಕಲಘಟಗಿಯ ಬಸ್ಸು ಹತ್ತಲಿಲ್ಲ. ಚಾವಡಿಯ ಕಟ್ಟೆಯ ಮೇಲೆ ನರ್ಸಬಾಯಿ ಖಾಸಿಂಬಿ ಐಸಿನ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಕುಂದಗೋಳದ ಕಡೆಯಿಂದ ಹೊಸದಾಗಿ ಬಂದವಳು. ಪೋಲಿಯೋ ಹನಿಗೆ ಮೂರು ಕೂಸು ಬಂದಿದ್ದವು, ದಡಾರಕ್ಕೆ ಒಂದೂ ಇಲ್ಲ. "ಈ ಊರಾಗ ದಡಾರದ್ದು ಅಂದ್ರ ಓಡಿ ಹೋಗ್ತಾರಲ್ರೀ ಹೊಳೆಪ್ಪಣ್ಣಾ, ಯಾಕಂತ?" ಎಂದು ಅವನನ್ನೇ ಕೇಳಿದಳು. ಅಷ್ಟರಲ್ಲಿ ರೇವವ್ವ ಬಂದಳು. ಸೊಂಟದ ಮೇಲೆ ಈರಣ್ಣ, ಹಿಂದೆ ಅತ್ತೂ ಅತ್ತೂ ಮುಖ ಬಾತ ಗೌರಕ್ಕ. ರೇವವ್ವನ ಕಣ್ಣು ಒಣಗಿದ್ದವು. ಗಂಡನ ಕಡೆ ನೋಡದೆ, "ಇವಗ ದಡಾರದ್ದು ಮಾಡ್ರಿ" ಎಂದಳು. ಖಾಸಿಂಬಿ ಡಬ್ಬಿಯೊಳಗೆ ಕೈ ಹಾಕಿ ಮತ್ತೆ ತೆಗೆದಳು. "ಒಬ್ಬವನ ಏನವ್ವಾ? ಹತ್ತು ಕೂಸಿನ ಬಾಟ್ಲಿ ಇದು. ಒಂದಕ್ಕ ಹ್ಯಾಂಗ ಒಡೀಲಿ? ಬರೂ ವಾರ..."

"ಒಡೀರಿ" ಎಂದ ಹೊಳೆಪ್ಪ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. "ಯಾರರೇ ಕೇಳಿದ್ರ ನನ್ನ ಹೆಸರು ಹೇಳ್ರಿ. ಒಡೀರಿ."

ಖಾಸಿಂಬಿ ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿ ಬಾಟ್ಲಿ ಒಡೆದಳು. ಎರಡೂ ಕೈಗೆ ಕೆಲಸ ಬಿದ್ದದ್ದರಿಂದ ಕಾರ್ಡು ಅವನ ಕಡೆ ಸರಿಸಿ, "ಅಷ್ಟರೊಳಗ ನೀವು ಬರದು ಮುಗಿಸ್ರಿ" ಎಂದಳು. ಹೊಳೆಪ್ಪ ಅಭ್ಯಾಸಬಲದಿಂದ ಜೇಬಿನ ಪೆನ್ನು ತೆಗೆದು ಮುಚ್ಚಳ ಬಿಚ್ಚಿದ. ಆಗ ರೇವವ್ವ ಮೊದಲ ಸಲ ಅವನ ಕಡೆ ತಿರುಗಿದಳು.

"ಅದು ಅಳೂ ತನಕಾ ಬರೀಬ್ಯಾಡ್ರಿ."

ಪೆನ್ನು ಕಾರ್ಡಿನ ಮೇಲೆ ನಿಂತಿತು. ಸೂಜಿ ಹೋಯಿತು. ಈರಣ್ಣ ಒಂದು ಗಳಿಗೆ ಉಸಿರು ಹಿಡಿದು, ಮುಖ ಕೆಂಪಾಗಿ, ಆಮೇಲೆ ಇಡೀ ಓಣಿಗೆ ಕೇಳುವ ಹಾಗೆ ಕಿರುಚಿಕೊಂಡ. ರೇವವ್ವ ಆ ತೋಳನ್ನು ತನ್ನ ಅಂಗೈಯಲ್ಲಿ ಮುಚ್ಚಿ ಹಿಡಿದು, ಕೂಸಿನ ಅಳುವನ್ನು ಪೂರ್ತಿ ಕೇಳಿಸಿಕೊಂಡಳು. ಕೂಸನ್ನು ಗೌರಕ್ಕನ ಕೈಗೆ ಕೊಟ್ಟಳು. "ಇನ್ನ ಎಷ್ಟು ಕೂಸಿಗೆ ಐತ್ರಿ ಅದರಾಗ?" "ಒಂಬತ್ತು. ಮಧ್ಯಾಹ್ನದೊಳಗ ಆಗ್ಬೇಕವ್ವಾ, ಆಮ್ಯಾಲ ಚೆಲ್ಲೂದ." ರೇವವ್ವ ಸೆರಗು ಸರಿಮಾಡಿಕೊಂಡು ಕಟ್ಟೆ ಇಳಿದು ಹೋದಳು.

ಮೊದಲನೆಯ ಮನೆಯ ಬಾಗಿಲು ಚಾವಡಿಗೆ ಎದುರೇ ಇತ್ತು. "ಹಸನಬೀ, ಮೊಮ್ಮಗನ್ನ ಕರ್ಕೊಂಡ ಬಾರವ್ವಾ ಸೂಜಿಗೆ" ಎಂದು ಅವಳು ಕರೆದದ್ದು, ಒಳಗಿನಿಂದ ಹಸನಬಿ, "ನೀನ ಬ್ಯಾಡ ಅಂದಿದ್ದೆಲ್ಲಬೇ" ಎಂದದ್ದು ಹೊಳೆಪ್ಪನಿಗೆ ಚೆನ್ನಾಗಿ ಕೇಳಿಸಿತು. "ನಮ್ಮ ನೀಲವ್ವಗ ಮಾಡಿಸಿರಲಿಲ್ಲ" ಎಂದಳು ರೇವವ್ವ. "ನಮ್ಮ ಮನ್ಯಾವ್ರು ಸುಳ್ಳು ಬರದಿದ್ರು. ನನಗ ನಿನ್ನೆ ಗೊತ್ತಾತು." ಕಟ್ಟೆಯ ಮೇಲಿದ್ದ ಹೆಂಗಸರು ಅವನ ಕಡೆ ತಿರುಗಿದರು. ಖಾಸಿಂಬಿಯೂ ತಿರುಗಿದಳು. ಎರಡನೆಯ ಬಾಗಿಲಲ್ಲೂ ಅದೇ ಮಾತು, ಮೂರನೆಯದರಲ್ಲೂ ಅದೇ. ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ಹೇಳುತ್ತ ಅವಳು ಓಣಿಯ ಕೊನೆಯ ಕಡೆ ನಡೆದಳು. ದನಿ ಸಣ್ಣದಾಗುತ್ತ ಹೋಯಿತು, ಮಗಳ ಹೆಸರು ಮಾತ್ರ ಪ್ರತಿ ಬಾಗಿಲಲ್ಲೂ ಅವನಿಗೆ ಕೇಳಿಸುತ್ತಿತ್ತು. ಎದ್ದು ಹೋಗಬಹುದಿತ್ತು. ಹಸನಬಿ ಮೊಮ್ಮಗನನ್ನು ಎತ್ತಿಕೊಂಡು ಬಂದು ಅವನ ಮುಖ ನೋಡದೆ ಕೂತಳು. ಹೊಳೆಪ್ಪ ಆ ಕೂಸಿನ ಕಾರ್ಡು ತೊಡೆಯ ಮೇಲೆ ಇಟ್ಟುಕೊಂಡು, ಪೆನ್ನು ಹಿಡಿದು, ಕೂಸು ಅಳುವುದನ್ನು ಕಾಯುತ್ತ ಕೂತ.